ಅಂಬಿಗಜ್ಜ ಅಂಗಾಲು ಒತ್ತಿದ್ದು

ಮಾರ್ಚ್ ಇಪ್ಪತ್ತು. ಒಣ ಬಿಸಿಲು; ಬೇವಿನ ಎಲೆಯೂ ಅಲುಗುತ್ತಿಲ್ಲ. ಇಂಥ ದಿನ ಚಪ್ಪಲಿ ಕಳಚಿ ಕೂತರೆ ಅಂಬಿಗಜ್ಜ ನೆನಪಾಗುತ್ತಾನೆ. ಅವನ ಕೈಗೆ ಕಾಲು ಕೊಟ್ಟವರಿಗೆಲ್ಲ ಏನಾದರೊಂದು ಆಗುತ್ತಲೇ ಇತ್ತು.

ಆಗ ನಿಜಾಮರ ಕಾಲ. ನಾನು ಶಹಾಬಾದಿನಲ್ಲಿ ಮಾಸ್ತರ. ರಾತ್ರಿ ಬಾರದ ನಿದ್ದೆ ಹಗಲು ತರಗತಿಯಲ್ಲಿ ಬರುತ್ತಿತ್ತು. ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದರು: "ಇನ್‌ಸ್ಪೆಕ್ಟರ್ ಸಾಹೇಬರ ಮುಂದ ತೂಕಡಿಸಿದ್ರ ಚಿಂಚೋಳಿ ಅಡವಿಗಿ ವರ್ಗ ಆಗ್ತದ ನೋಡ್ರಿ. ಅಲ್ಲಿ ಹುಲಿ ಎಬ್ಬಸ್ತದ."

ಹುಣಸೆಗಿಡ

ಮಳೆಗಾಲದಲ್ಲಿ ಕಾಗಿಣಾ ಹೊಳೆ ದಾಟಿಸುವ ಅಜ್ಜ, ನೀರು ಇಳಿದ ಮೇಲೆ ಮನೆಮನೆಗೆ ಬಂದು ಅಂಗಾಲು ಒತ್ತುತ್ತಿದ್ದ. ಹೊಟ್ಟೆ, ತಲೆ, ಸಿಟ್ಟು ಎಲ್ಲದರ ಕೀಲಿಯೂ ಅಂಗಾಲಿನಲ್ಲಿದೆ ಎಂಬುದು ಅವನ ನಂಬಿಕೆ. ನಮ್ಮ ಕಟ್ಟೆಯ ಮೇಲೆ ಕೂತು, ನನ್ನ ಕಾಲ್ಬೆರಳ ಬುಡ ಹಿಡಿದು ಒತ್ತಿದ. ನಾನು ಓಣಿಗೆ ಕೇಳುವಂತೆ ಕೂಗಿದೆ.

"ಇದು ತಲಿ ಜಾಗಾರಿ ಮಾಸ್ತರ್ರ. ಭಾಳ ಗಟ್ಟಿ ಅದ."

"ಓದಿದ ತಲಿ, ಅಜ್ಜ."

"ಅದಕ್ಕೇ ಅಂತೀನಿ. ಸಂಜಿಯಾದ್ರ ಹುಣಸಿಗಿಡ ಎಲಿ ಮಡಚ್ತದ. ನೀವು ಆಗ ಪುಸ್ತಕ ಬಿಚ್ಚತೀರಿ. ಗಿಡಕ್ಕ ಯಾರು ಸಾಲಿ ಕಲಿಸ್ಯಾರ್ರಿ?"

ಅಂದಿನಿಂದ ಪುಸ್ತಕ ಮುಚ್ಚಿಟ್ಟು, ದಿನಾ ಸಂಜೆ ಅಜ್ಜನ ಮುಂದೆ ಕಾಲು ಚಾಚಿದೆ. ಮೊದಲು ಬಂದದ್ದು ನಿದ್ದೆಯಲ್ಲ; ಕೂಗು ಕೇಳಿ ಕೋಲು ಹಿಡಿದ ನೆರೆಯವರು.

ಹೊಳೆಯ ಹರಳು

ನಮ್ಮ ಓಣಿಯ ಸಾವಕಾರರಿಗೆ ಹೊಟ್ಟೆಯುಬ್ಬರ. ಬೆಳಿಗ್ಗೆ ಹೊಳೆಯ ಹರಳಿನ ಮೇಲೆ ಬರಿಗಾಲಲ್ಲಿ ನಡೆಯಿರಿ ಎಂದ ಅಜ್ಜ. ಕಲ್ಲು ಚುಚ್ಚುತ್ತವೆಂದು ಸಾವಕಾರರು ತಮ್ಮ ಬದಲಿಗೆ ಆಳನ್ನು ಕಳಿಸಿದರು. ನಡೆದದ್ದು ಅವರ ಸಂಬಳದ ಕಾಲೇ ತಾನೆ!

ಕೆಲವು ದಿನದ ಮೇಲೆ ಅಜ್ಜ ಕೇಳಿದ: "ಹೊಟ್ಟಿ ಹ್ಯಾಂಗದರಿ ಧಣಿ?"

"ನಂದು ಹಂಗೇ ಅದ. ಅಂವಂದು ಭಾಳ ಸುಧಾರಿಸ್ಯಾದ. ಮೊದಲಿಗಿಂತ ಎರಡರಷ್ಟು ರೊಟ್ಟಿ ತಿನ್ನಾಕತ್ತಾನ, ಅದೂ ನನ್ನ ಮನ್ಯಾಗ!"

ಸಾಹೇಬರು

ನನಗೆ ಮಾತ್ರ ನಿಜವಾಗಿ ನಿದ್ದೆ ಹತ್ತತೊಡಗಿತು. ಆ ಹೊತ್ತಿಗೇ ಇನ್‌ಸ್ಪೆಕ್ಟರರು ಬಂದರು. ಇಡೀ ರಾತ್ರಿ ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾದಿದ್ದ ಅವರು ನನ್ನ ಕುರ್ಚಿಯಲ್ಲಿ ಕೂತವರೇ ಗೊರಕೆ ಹೊಡೆದರು. ನಾನು ಕಣ್ಣರಳಿಸಿ, ತುಟಿಯ ಮೇಲೆ ಬೆರಳಿಟ್ಟು ನಿಂತೆ. ಹುಡುಗರು ಉಸಿರೂ ಬಿಡಲಿಲ್ಲ. ಗಂಟೆ ಬಾರಿಸಿದಾಗ ಎದ್ದ ಸಾಹೇಬರು ಹೆಡ್‌ಮಾಸ್ತರರಿಗೆ ಹೇಳಿದರು: "ಇವರನ್ನ ಎಲ್ಲಿಗೂ ಕಳಿಸಬ್ಯಾಡ್ರಿ. ಇಂಥ ಶಾಂತ ತರಗತಿ ನಾ ಕಂಡೇ ಇಲ್ಲ!"

ಕೂಲಿ

ಆ ಸಂಜೆ ಅಜ್ಜನಿಗೆ ಕೊಡಲು ಕಿಸೆಗೆ ಕೈ ಹಾಕಿದೆ.

"ಬ್ಯಾಡ್ರಿ. ಅಕ್ಕೋರು ದಿನಾ ಕೊಟ್ಟಾರ."

ಒಳಗೆ ಹೋಗಿ ಹೆಂಡತಿಯನ್ನು ಕೇಳಿದೆ: "ನನ್ನ ನಿದ್ದಿಗಿ ನೀ ಯಾಕ ಕೊಟ್ಟಿ?"

"ನಿದ್ದಿಗಿ ಯಾರು ಕೊಟ್ಟಾರ್ರಿ? ಲಗ್ನಾಗಿ ಬಂದಾಗಿಂದ ನೀವು ಹೂಂ, ಊಹೂಂ ಬಿಟ್ಟು ಮೂರನೇ ಮಾತಾಡಿಲ್ಲ. ಈಗ ದಿನಾ ಸಂಜಿಗಿ ಬಾಯಿ ತುಂಬ ಕೂಗಾಕತ್ತೀರಿ. ಮನ್ಯಾಗ ಮನುಷ್ಯಾ ಇದ್ದಂಗ ಅನಸ್ತದ. ಜರಾ ಗಟ್ಟಿ ಒತ್ತು ಅಂತ ಅಜ್ಜಗ ನಾನೇ ಹೇಳಿದ್ದೆ."

"ಏನು ಕೊಟ್ಟಿ?"

"ಕೂಗಿಗೊಂದು ಬೊಗಸಿ ತೊಗರಿಬ್ಯಾಳಿ."

"ಒಟ್ಟು ಎಷ್ಟಾತು?"

"ಇನ್ನ ಸುಗ್ಗಿತನಕ ಸಾರಿಲ್ರಿ."