ಕಪಾಟಿಗೆ ಮರಳಿದ ಡಬ್ಬಿಗಳು

ಇದೆಲ್ಲ ನಡೆದದ್ದು ಎಂಬತ್ತರ ದಶಕದ ಕೊನೆಯಲ್ಲಿ, ನಾನು ಬಿ.ಎಸ್ಸಿ. ಮುಗಿಸಿ ಸಿಂಧನೂರಿನ ನಮ್ಮ ಮನೆಯಿಂದ ಅಂಚೆಯ ಮೂಲಕ ಲ್ಯಾಕ್ಟೋಮೀಟರ್ ಮಾರುತ್ತಿದ್ದಾಗ. ಅಂಗಡಿಯಲ್ಲಿ ಎದುರಿಗೆ ನಿಂತು ಮಾರಿದರೆ ಜಗಳ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಅಂಚೆಯಲ್ಲಿ ಮಾರಿದರೆ ಅದು ಬಸ್ಸು ಹತ್ತಿ ಮನೆಗೆ ಬರುತ್ತದೆ. ನಮ್ಮ ಮನೆಗೆ ತಿಂಗಳಿಗೊಂದಾದರೂ ಬರುತ್ತಿತ್ತು.

ಲ್ಯಾಕ್ಟೋಮೀಟರ್ ಅಂದರೆ ಹಾಲಿನಲ್ಲಿ ತೇಲಿಬಿಡುವ ಗಾಜಿನ ಕೊಳವೆ. ಹಾಲಿಗೆ ನೀರು ಬೆರೆಸಿದ್ದರೆ ಅದು ಹೆಚ್ಚು ಮುಳುಗುತ್ತದೆ, ಡಿಗ್ರಿ ಕಡಿಮೆ ತೋರಿಸುತ್ತದೆ. ವಾರಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಟ್ಟಿದ್ದೆ. ಕಾರ್ಡು ಬರೆದವರಿಗೆ ವಿ.ಪಿ.ಪಿ. ಮಾಡುತ್ತಿದ್ದೆ. ಪೋಸ್ಟ್‌ಮನ್ ಕೈಗೆ ಹಣ ಕೊಟ್ಟರೆ ಡಬ್ಬಿ ಅವರದು. ಕೊಡದಿದ್ದರೆ ಅದು ನನಗೆ ವಾಪಸ್ಸು, ಅಂಚೆ ಖರ್ಚು ನನ್ನ ತಲೆಗೆ.

ಅಪ್ಪ ಕನ್ನಡ ಶಾಲೆಯ ಮಾಸ್ತರರು. ಕಪಾಟಿನ ಒಂದು ಖಾನೆ ಖಾಲಿ ಮಾಡಿ ಹೇಳಿದರು:

"ದೀಪಾವಳಿ ತನಕ ನೋಡ್ತೀನಿ. ವಾಪಸ್ ಬಂದ ಡಬ್ಬಿಲೆ ಈ ಖಾನೆ ತುಂಬಿತಂದ್ರ, ನೀ ಸುಮ್ಮನ ರೈಸ್ ಮಿಲ್ಲಿನ್ಯಾಗ ಗುಮಾಸ್ತನಾಗಿ ಕೂಡಬೇಕು. ಮಾಲಕರಿಗೆ ಹೇಳಿಟ್ಟೀನಿ."

ಖಾನೆಯಲ್ಲಿ ಹನ್ನೆರಡು ಡಬ್ಬಿ ಹಿಡಿಯುತ್ತಿದ್ದವು. ನಾನು ಜೋಡಿಸಿ ನೋಡಿದ್ದೆ.

ಹೊಟ್ಟು

ಗಾಜು ಒಡೆಯದಿರಲೆಂದು ಡಬ್ಬಿಗೆ ಭತ್ತದ ಹೊಟ್ಟು ತುಂಬುತ್ತಿದ್ದೆ. ಸಿಂಧನೂರಿನಲ್ಲಿ ಅದಕ್ಕೆ ಬರವಿಲ್ಲ. ಒಂದು ಮುಂಜಾನೆ ವಳಕಮದಿನ್ನಿಯ ರೈತನೊಬ್ಬ ಖಾಲಿ ಡಬ್ಬಿ ಹಿಡಿದು ಬಂದ.

"ಮಾಸ್ತರ ಮಗ ನೀನೇನು? ನೆಲ್ಲು ಬೆಳೆಯೋರು ನಾವು. ಅದ್ರ ಹೊಟ್ಟು ನಮಗೇ ಮಾರತೀಯೇನಪಾ? ನನ್ನ ರೊಕ್ಕ ಕೊಡು."

"ಹೊಟ್ಟಿನೊಳಗ ಗಾಜಿನ ಕೊಳವಿ ಇತ್ತಲ್ರೀ?"

"ಹೊಟ್ಟಿನ್ಯಾಗ ಯಾರು ಕೈ ಹಾಕ್ತಾರ? ಹೊಟ್ಟು ಕಂಡ್ರ ತಿಪ್ಪಿಗೆ ಸುರುವೋದು ನಮ್ಮ ರೂಢಿ."

ಇಬ್ಬರೂ ಬಸ್ಸಿನಲ್ಲಿ ಹೋಗಿ ತಿಪ್ಪೆ ಕೆದರಿದೆವು. ಕೊಳವೆ ಸಗಣಿಯಲ್ಲಿ ನೆಟ್ಟಗೆ ನಿಂತಿತ್ತು. ಒಂದು ಗೆರೆಯೂ ಬಿದ್ದಿರಲಿಲ್ಲ. ಅವನು ಅದನ್ನು ತೊಳೆದು, ಹಾಲಿಗೆ ಬಿಟ್ಟು ನೋಡಿ, ತಲೆಯಾಡಿಸಿದ. ತಕರಾರು ಮುಗಿಯಿತು. ನಾನು ಹೊರಡುವಾಗ ಒಂದು ಕೈಚೀಲ ತಂದುಕೊಟ್ಟ. ತಿಪ್ಪೆಯಿಂದ ಬಳಿದ ಹೊಟ್ಟು ಅದರಲ್ಲಿತ್ತು.

"ಇದು ನಿಮ್ಮದು. ಮಂದಿ ಮಾಲು ನಾವು ಇಟಗೊಳ್ಳಂಗಿಲ್ಲ."

ಬಸ್ಸಿನಲ್ಲಿ ಕಂಡಕ್ಟರ್ ಮೂಗು ಮುಚ್ಚಿಕೊಂಡು, ಚೀಲಕ್ಕೆ ಲಗೇಜು ಟಿಕೆಟ್ ಹರಿದ.

ವಾರ

ಲಿಂಗಸುಗೂರಿನಲ್ಲಿ ಎಮ್ಮೆ ಸಾಕಿದ ಹೆಣ್ಣುಮಗಳೊಬ್ಬಳಿಗೆ ಕಳಿಸಿದ ಡಬ್ಬಿ ಮರಳಿ ಬಂತು. ಅದರ ಹಿಂದೆಯೇ ಆಕೆಯ ಕಾರ್ಡು: ‘ನಾನು ಹಣ ಹಿಡಿದುಕೊಂಡು ಕೂತಿದ್ದೆ. ನೀವು ಡಬ್ಬಿ ವಾಪಸ್ ತರಿಸಿಕೊಂಡು ಮೋಸ ಮಾಡಿದಿರಿ.’ ಡಬ್ಬಿ ತೆಗೆದುಕೊಂಡು ಲಿಂಗಸುಗೂರಿಗೆ ಹೋದೆ. ಅಲ್ಲಿನ ಪೋಸ್ಟ್‌ಮನ್‌ನನ್ನೂ ಆಕೆಯ ಮನೆಗೆ ಕರೆದೊಯ್ದೆ.

"ಶುಕ್ರವಾರ ಬಂದಿದ್ನಿಲ್ರೀ ಅಕ್ಕಾರ?" ಎಂದ ಪೋಸ್ಟ್‌ಮನ್.

"ಶುಕ್ರವಾರ ಲಕ್ಷ್ಮೀನ ಹೊರಗ ಕಳಸ್ತಾರೇನೋ ತಮ್ಮಾ?"

"ಶನಿವಾರ ಬಂದೆ."

"ಕೊಳವ್ಯಾಗ ಕಬ್ಬಿಣದ ಗುಂಡು ಇರತಾವಂತ. ಶನಿವಾರ ಕಬ್ಬಿಣ ಮನಿಗೆ ತರಬಾರದು."

ಅದು ಕಬ್ಬಿಣವಲ್ಲ, ಸೀಸ ಎಂದೆ.

"ಅದನ್ನ ಶನಿದೇವರಿಗೆ ಹೇಳು," ಎಂದಳು.

ಪೋಸ್ಟ್‌ಮನ್ ಬಿಡಲಿಲ್ಲ. "ಐತವಾರ ನಮ್ಮ ಆಫೀಸು ಬಂದ್. ಸೋಮವಾರ ಬಂದ್ರ ಅಮಾಸಿ ಅಂದ್ರಿ. ಮಂಗಳವಾರ ಬಂದೆ."

"ಮಂಗಳವಾರನೂ ರೊಕ್ಕ ಕೊಡಂಗಿಲ್ಲ. ಬುಧವಾರ ಮುಂಜಾನಿಂದ ಸೆರಗಿನ್ಯಾಗ ಕಟಗೊಂಡು ಬಾಗಲದಾಗ ಕುಂತಿದ್ದೆ. ನೀ ಬರಲೇ ಇಲ್ಲ."

"ಗಡುವು ಮುಗದಿತ್ರೀ. ಅವತ್ತೇ ವಾಪಸ್ ಹಾಕಿದ್ವಿ."

ನಾವು ಹೋದದ್ದು ಗುರುವಾರ. ಗುರುವಾರದ ಮೇಲೆ ಆಕೆಯ ಆಕ್ಷೇಪಣೆ ಇರಲಿಲ್ಲ. ಹಣ ಕೊಟ್ಟು ಡಬ್ಬಿ ಇಟ್ಟುಕೊಂಡಳು. ಹೊರಗೆ ಬಂದ ಮೇಲೆ ಪೋಸ್ಟ್‌ಮನ್ ಹೇಳಿದ:

"ಸರ, ನೀವು ಬಿ.ಎಸ್ಸಿ. ಓದೋ ಬದ್ಲಿ ಪಂಚಾಂಗ ಓದಿದ್ರ ನನ್ನ ಸೈಕಲ್ ಟಾಯರ್ ಉಳೀತಿತ್ತು."

ಅಂದಿನಿಂದ ಪಾರ್ಸಲ್‌ಗಳನ್ನು ಸೋಮವಾರ ಮಾತ್ರ ಅಂಚೆಗೆ ಹಾಕಿದೆ. ಬುಧವಾರವೋ ಗುರುವಾರವೋ ಮುಟ್ಟುತ್ತಿದ್ದವು.

ಕುಂಬಳಕಾಯಿ

ಬಿಚ್ಚಿ ನೋಡದೆ ಹಣ ಕೊಡುವುದಿಲ್ಲ ಎನ್ನುವವರು ಬಹಳ. ಹಣ ಕೊಡದೆ ಬಿಚ್ಚಲು ಅಂಚೆಯವರು ಬಿಡುವುದಿಲ್ಲ. ಖಾನೆಯ ಹೆಚ್ಚಿನ ಡಬ್ಬಿಗಳು ಹೀಗೆ ಬಂದವು. ಬಳಗಾನೂರಿನ ಕಿರಾಣಿ ಅಂಗಡಿಯವರು ಮಾತ್ರ ನಡುವಿನ ದಾರಿ ಕಂಡುಹಿಡಿದರು. "ಕುಂಬಳಕಾಯಿ ನಾವು ಹೆಚ್ಚಿ ನೋಡ್ತೀವೇನು? ಬಡದು ನೋಡ್ತೀವಿ," ಎಂದು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ತಕ್ಕಡಿಯ ತೂಕದ ಬಟ್ಟಿನಿಂದ ನಾಲ್ಕು ಏಟು ಹಾಕಿದರಂತೆ. ನಾಲ್ಕನೆಯ ಏಟಿಗೆ ಒಳಗೆ ಗಾಜು ಒಡೆಯಿತು.

"ಸಪ್ಪಳ ಛಲೋ ಇಲ್ಲ," ಎಂದು ವಾಪಸ್ ಕಳಿಸಿದರು.

ಇಪ್ಪತ್ತಾರು ಡಿಗ್ರಿ

ದೀಪಾವಳಿ ಹತ್ತಿರ ಬಂತು. ಖಾನೆಯಲ್ಲಿ ಒಂದೇ ಡಬ್ಬಿಯ ಜಾಗ ಉಳಿದಿತ್ತು. ಆಗ ಒಂದು ಮಧ್ಯಾಹ್ನ ಮಸ್ಕಿಯಿಂದ ಇಬ್ಬರು ಕೂಡಿ ಬಂದರು. ಒಬ್ಬರು ಅಲ್ಲಿಯ ಹೋಟೆಲಿನ ಮಾಲಕರು. ಇನ್ನೊಬ್ಬ ಸಂತೆಕಲ್ಲೂರಿನಿಂದ ದಿನಾ ಬಸ್ಸಿನಲ್ಲಿ ಅವರಿಗೆ ಹಾಲು ತಂದು ಹಾಕುವವ. ಇಬ್ಬರ ಕೈಯಲ್ಲೂ ನನ್ನ ಡಬ್ಬಿ. ಹಾಲಿನವನ ಇನ್ನೊಂದು ಕೈಯಲ್ಲಿ, ಸಾಕ್ಷಿಗೆಂದು, ಒಂದು ತಂಬಿಗೆ ಹಾಲು.

"ಇಬ್ಬರ ರೊಕ್ಕನೂ ವಾಪಸ್ ಕೊಡ್ರಿ," ಎಂದರು ಮಾಲಕರು.

ಒಳಗಿನ ಕೋಣೆಯಲ್ಲಿ ಅಪ್ಪ ಪೇಪರ್ ಓದುತ್ತಿದ್ದರು. ಹಾಳೆ ತಿರುವುವ ಸಪ್ಪಳ ನಿಂತಿತು.

"ನಮ್ಮ ಕರಾರು ಇಪ್ಪತ್ತಾರು ಡಿಗ್ರಿ. ಇವ ತರೋದು ಇಪ್ಪತ್ನಾಲ್ಕು. ಕೇಳಿದ್ರ, ನನ್ನ ಕೊಳವಿ ಇಪ್ಪತ್ತಾರು ತೋರಿಸೈತಿ ಅಂತಾನ. ಎರಡೂ ನಿಮ್ಮವೇ. ಯಾವುದು ಸುಳ್ಳು?"

ಹಾಲಿನವನ ಕಣ್ಣಲ್ಲಿ ನೀರಿತ್ತು. "ಸರ, ನನ್ನ ಮಕ್ಕಳಾಣೆ. ದಿನಾ ಮುಂಜಾನೆ ನಿಮ್ಮ ಕೊಳವಿ ಬಿಟ್ಟು, ನೋಡಿ ನೋಡಿ ನೀರು ಹಾಕ್ತೀನಿ. ಕರೆಕ್ಟ್ ಇಪ್ಪತ್ತಾರಕ್ಕ ನಿಲ್ಲಸ್ತೀನಿ. ಒಂದು ಹನಿ ಜಾಸ್ತಿ ಹಾಕಿದ್ರ ಕೇಳ್ರಿ."

ನಾನು ಮಾಲಕರ ಮುಖ ನೋಡಿದೆ. ಅವರಿಗೆ ಆಶ್ಚರ್ಯವೇನೂ ಆಗಿರಲಿಲ್ಲ.

"ನೀರು ಹಾಕಿದ್ದಕ್ಕ ನನ್ನ ತಕರಾರಿಲ್ರೀ. ಇಪ್ಪತ್ತಾರು ಇದ್ರ ನಾನೂ ಎರಡು ಡಿಗ್ರಿ ಹಾಕಬಹುದು. ಎಲ್ಲಾ ಇವನೇ ಹಾಕಿಕೊಂಡು ಬಂದ್ರ, ನನ್ನ ಪಾಲಿಂದು ಎಲ್ಲಿ ಹಾಕಲಿ?"

ಎರಡೂ ಕೊಳವೆಗಳನ್ನು ಒಂದಾದ ಮೇಲೊಂದರಂತೆ ತಂಬಿಗೆಯ ಹಾಲಿಗೆ ಬಿಟ್ಟೆ. ಎರಡೂ ಇಪ್ಪತ್ನಾಲ್ಕು ತೋರಿಸಿದವು. ಹಾಲಿನವ ತಲೆ ತಗ್ಗಿಸಿದ. ತಂಬಿಗೆ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

"ಬಸ್ಸಿನ್ಯಾಗ ಹಾಲಿನ ಕ್ಯಾನು ಎಲ್ಲಿಡ್ತೀಯಪಾ?"

"ಡ್ರೈವರ್ ಬಾಜೂಕ ರೀ. ಇಂಜಿನ್ ಮ್ಯಾಲ. ಇವತ್ತು ಈ ತಂಬಿಗೀನೂ ಅಲ್ಲೇ ಇಟ್ಟಿದ್ದೆ."

ಹಾಲು ಬೆಚ್ಚಗಾದರೆ ತೆಳುವಾಗುತ್ತದೆ, ಕೊಳವೆ ಹೆಚ್ಚು ಮುಳುಗುತ್ತದೆ ಎಂದು ಹೇಳಿದೆ. ಇಬ್ಬರೂ ನಂಬಲಿಲ್ಲ. ಅವ್ವನಿಂದ ಅಗಲವಾದ ಪಾತ್ರೆ ತರಿಸಿ, ಮಣ್ಣಿನ ಹರವಿಯ ತಣ್ಣೀರು ತುಂಬಿ, ತಂಬಿಗೆಯನ್ನು ಅದರಲ್ಲಿಟ್ಟೆ. ಮೂವರೂ ಸುತ್ತ ಕುಳಿತು ಕಾದೆವು. ತಣ್ಣಗಾದ ಮೇಲೆ ಮತ್ತೆ ಕೊಳವೆ ಬಿಟ್ಟೆ.

ಇಪ್ಪತ್ತಾರು.

"ನೋಡಿದ್ರ್ಯಾ!" ಹಾಲಿನವ ಎದ್ದು ನಿಂತ. "ಅಳತಿ ಬಿಟ್ಟು ನೀರು ಹಾಕೋ ಮನಶ್ಯಾ ಅಲ್ಲ ನಾನು!"

ಮಾಲಕರು ಎರಡೂ ಕೈ ಜೋಡಿಸಿದರು. "ತಪ್ಪಾತು ತಮ್ಮಾ. ನಿನ್ನಂಥ ಪ್ರಾಮಾಣಿಕನ ಮ್ಯಾಲ ಸಂಶೆ ಪಟ್ಟೆ."

ಇಬ್ಬರೂ ತಮ್ಮ ತಮ್ಮ ಕೊಳವೆ ಒರೆಸಿ ಡಬ್ಬಿಯಲ್ಲಿಟ್ಟುಕೊಂಡರು. ಆ ಹಾಲಿನಲ್ಲೇ ಅವ್ವ ಎಲ್ಲರಿಗೂ ಚಹಾ ಮಾಡಿದಳು. ಚಹಾ ನೀರಾಗಿತ್ತು. ಯಾರೂ ತಕರಾರು ಮಾಡಲಿಲ್ಲ.

ದೀಪಾವಳಿಯ ದಿನ ಅಪ್ಪ ಕನ್ನಡಕ ಹಾಕಿಕೊಂಡು ಕಪಾಟು ತೆರೆದರು. ಡಬ್ಬಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

ಹನ್ನೊಂದು.