ಪದಚ್ಯುತ ಕ್ಯಾಪ್ಟನ್

ನನಗೆ ಆಜ್ಞೆ ಕೊಡುವ ಚಟವಿದೆ. ಕೇಳುವವರು ಇರಲೇಬೇಕೆಂಬ ಹಟವೇನಿಲ್ಲ. ಲೋಕಲ್ ಟ್ರೇನಿನಲ್ಲಿ ನಿಂತು, ಸೀಟು ಸಿಕ್ಕಿ ಕೂತವನಿಗೆ ಹೇಗೆ ಕೂರಬೇಕೆಂದು ಹೇಳಿದವನು ನಾನು. ಇಂಥವನನ್ನು ವಾಗ್ಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯವರು ಡಿಸ್ಪ್ಯಾಚ್ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ್ದರು. ಕೈಕೆಳಗೆ ಮೂವರು: ಸಾವಂತ, ಇಕ್ಬಾಲ್, ಹಿಂದಿನ ವರ್ಷವಷ್ಟೇ ಸೇರಿದ ಸುಮಂಗಲಾ. ಸುಮಂಗಲಾ ಧಾರವಾಡದ ಕಡೆಯವಳು. ಟಿಟ್ವಾಳಾದಿಂದ ದಿನಾ ಬರುತ್ತಿದ್ದಳು. ಮಾತು ಕಡಿಮೆ. ನಾನಿದ್ದಲ್ಲಿ ಉಳಿದವರಿಗೆ ಮಾತು ಕಡಿಮೆಯೇ ಇರುತ್ತದೆ, ಅದು ಬೇರೆ ವಿಷಯ.

ಆಗಿನ್ನೂ ಬೆನ್ನು ಉಬ್ಬಿದ ಮಾನಿಟರುಗಳ ಕಾಲ. ಶನಿವಾರ ಅರ್ಧ ದಿನ. ಮಾಲೀಕ ಶೇಠರು ಒಂದು ಗಂಟೆಗೆ ಹೊರಟರೆ ಮತ್ತೆ ಸೋಮವಾರವೇ. ಇಕ್ಬಾಲ್ ಎಲ್ಲಿಂದಲೋ ಒಂದು ಮಿಲಿಟರಿ ಗೇಮ್ ತಂದು ನಮ್ಮ ನಾಲ್ಕು ಕಂಪ್ಯೂಟರಿಗೂ ಹಾಕಿದ. ನಾಲ್ವರು ಸೈನಿಕರ ಒಂದು ತುಕಡಿ. ಶತ್ರುಗಳು ಸೇರಿಕೊಂಡ ಕಟ್ಟಡಕ್ಕೆ ನುಗ್ಗಿ ಒತ್ತೆಯಾಳುಗಳನ್ನು ಬಿಡಿಸಿ ತರಬೇಕು. ಮೂವರೇ ಆಡುವ ಹಾಗಿದ್ದಿದ್ದರೆ ನನ್ನನ್ನು ಖಂಡಿತ ಕರೆಯುತ್ತಿರಲಿಲ್ಲ. ಕರೆದರು. ನಾನು ಹೋಗಿ ಕೂತ ಮೇಲೆ ಕ್ಯಾಪ್ಟನ್ ಯಾರು ಎಂಬ ಪ್ರಶ್ನೆ ಏಳಲೇ ಇಲ್ಲ. ಏಳಲು ನಾನು ಬಿಡಲಿಲ್ಲ.

ಆ ಆಟದ ತೊಂದರೆಯೇನೆಂದರೆ ಅದು ಬಹಳ ನೈಜ. ಒಂದು ಗುಂಡು ತಾಗಿದರೆ ಮುಗಿಯಿತು, ಮತ್ತೆ ಎದ್ದು ಓಡುವಂತಿಲ್ಲ. ನಾನು “ಚಲೋ!” ಎಂದು ಕೂಗಿ ಬಾಗಿಲು ಒದ್ದು ಒಳಗೆ ನುಗ್ಗಿದೆ. ಕೂಗು ಮುಗಿಯುವ ಮೊದಲೇ ಸತ್ತೆ. ಸತ್ತವರು ಉಳಿದವರ ಆಟ ನೋಡುತ್ತ ಕೂರಬಹುದು. ನಾನು ಬರೀ ನೋಡುವವನಲ್ಲವಲ್ಲ, “ಸಾವಂತ್, ಬಲಕ್ಕೆ! ಇಕ್ಬಾಲ್, ಬಗ್ಗು!” ಎಂದು ಪರಲೋಕದಿಂದಲೇ ಆಜ್ಞೆ ಹೊರಡಿಸಿದೆ. ಬಲಕ್ಕೆ ಹೋದ ಸಾವಂತ ಸತ್ತ. ಬಗ್ಗಿದ ಇಕ್ಬಾಲ್ ಬಗ್ಗಿದಲ್ಲೇ ಸತ್ತ. ಸುಮಂಗಲಾ ನನ್ನ ಮಾತು ಕೇಳಿಸದವಳಂತೆ ಸ್ವಲ್ಪ ಹೆಚ್ಚು ಹೊತ್ತು ಬದುಕಿದಳು.

ಮುಂದಿನ ಶನಿವಾರ ನಾನು ಬಾಂಬು ಎಸೆಯಲು ಹೋಗಿ ಯಾವುದೋ ಕೀ ಒತ್ತಿದೆ. ಅದು ನನ್ನ ಕಾಲಬುಡದಲ್ಲೇ ಬಿತ್ತು. ನಾನು, ಸಾವಂತ, ಇಕ್ಬಾಲ್ ಮೂವರೂ ಒಂದೇ ಏಟಿಗೆ ಖಲ್ಲಾಸ್.

“ಸಾಹೇಬ್, ದುಶ್ಮನ್ ಉಧರ್ ಥಾ!” ಎಂದು ಸಾವಂತ ಶತ್ರುಗಳಿದ್ದ ಕಡೆ ಬೆರಳು ತೋರಿಸಿ ಹಣೆ ಚಚ್ಚಿಕೊಂಡ.

ಆಟದ ಕಟ್ಟಡದ ಹೊರಗೆ ಕಿಟಕಿಯ ಹತ್ತಿರ ಸುಮಂಗಲಾ ಒಬ್ಬಳೇ ಉಳಿದಿದ್ದಳು. ಗೋಡೆಗೆ ಆತುಕೊಂಡು, ಹೆಜ್ಜೆ ಸಪ್ಪಳ ಆಲಿಸುತ್ತ, ಒಂದೊಂದೇ ಕೋಣೆ ದಾಟಿ ಒತ್ತೆಯಾಳುಗಳನ್ನು ಹೊರಗೆ ತಂದಳು. ಮುಗಿಸಿ ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗಿ, ಉಳಿದಿಬ್ಬರಿಗೆ ತಿಳಿಯದಿರಲೆಂದು ಕನ್ನಡದಲ್ಲೇ ಹೇಳಿದಳು: “ಸರ್ರ, ಸಿಟ್ಟಾಗಬ್ಯಾಡ್ರಿ. ನೀವು ಮೂರೂ ಮಂದಿ ಹೋದ ಮ್ಯಾಲ ನನಗ ಶಾಂತ ಆತ್ ನೋಡ್ರಿ, ಎಲ್ಲಾ ಕೇಳಸಾಕ ಹತ್ತಿತು.”

ಅವಳ ಕನ್ನಡ ಅವರಿಗೆ ಅರ್ಥವಾಗಲಿಲ್ಲ, ಆದರೆ ನನ್ನ ಮುಖ ಅರ್ಥವಾಯಿತು. ಮುಂದಿನ ವಾರದಿಂದ ಸುಮಂಗಲಾಳೇ ಕ್ಯಾಪ್ಟನ್ ಎಂದು ಇಬ್ಬರೂ ಕೈ ಎತ್ತಿದರು.

ಅಂದು ಡೊಂಬಿವಿಲಿಯ ಮನೆಗೆ ಬಂದವನು ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕುಸಿದೆ. ಹೆಂಡತಿ ವಾಸಂತಿ ಓಡಿ ಬಂದು ಏನಾಯಿತೆಂದು ತುಳುವಿನಲ್ಲಿ ಕೇಳಿದಳು: “ದಾನೆ ಆಂಡ್?”

“ಆಫೀಸಲ್ಲಿ ನನ್ನನ್ನು ಇಳಿಸಿದರು.”

“ಇಳಿಸಿದರಾ! ಯಾರನ್ನು ತಂದು ಕೂರಿಸಿದರು?”

“ಸುಮಂಗಲಾಳನ್ನು.”

“ಆಯುಧಪೂಜೆ ದಿನ ಅರಿಶಿನ ಕುಂಕುಮ ಕೊಟ್ಟೆನಲ್ಲ, ಆ ಹುಡುಗಿಯನ್ನಾ?”

ಅದು ಆಟದ ಮಾತು ಎಂದು ಆಗಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು, ನಾಳೆಗೆಂದು ಎತ್ತಿಟ್ಟಿದ್ದ ಕೆಸುವಿನೆಲೆಯ ಪತ್ರೊಡೆಯನ್ನು ಒಗ್ಗರಣೆ ಹಾಕಿ ತಂದು ಮುಂದಿಟ್ಟಳು. ತೆರೆದ ಬಾಯಿಯನ್ನು ಪತ್ರೊಡೆಗೆ ಉಪಯೋಗಿಸಿದೆ. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಕಲ್ಯಾಣದಲ್ಲಿ ಹೋಟೆಲಿಟ್ಟಿರುವ ಭಾವಮೈದ ಅಕ್ಕನಿಂದ ಸುದ್ದಿ ತಿಳಿದು ಫೋನ್ ಮಾಡಿ, “ಭಾವ, ಹೆದರಬೇಡಿ. ನಮ್ಮ ಗಲ್ಲಾದಲ್ಲಿ ಬಂದು ಕೂರಿ ಮಾರಾಯ್ರೆ” ಎಂದ. ಈಗ ನಿಜ ಹೇಳಿದರೆ ಅವನಿಗೂ ಉತ್ತರ ಕೊಡಬೇಕು. ಇನ್ನೂ ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ವಾಸಂತಿ ಟಿಟ್ವಾಳಾ ಗಣಪತಿಗೆ ಹೋಗಿ ಬರುತ್ತೇನೆಂದು ಹೊರಟಳು. ಉಳಿದ ಪತ್ರೊಡೆಯ ಡಬ್ಬಿ ಅವಳ ಚೀಲದಲ್ಲಿದ್ದುದನ್ನು ಕಂಡು, ಗಣಪತಿಗೆ ಪತ್ರೊಡೆ ನೈವೇದ್ಯವೆಲ್ಲಿದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವಳು ದರ್ಶನ ಮುಗಿಸಿ ನೇರ ಸುಮಂಗಲಾಳ ಮನೆ ಹುಡುಕಿಕೊಂಡು ಹೋಗಿದ್ದಳು.

ಮಧ್ಯಾಹ್ನ ವಾಪಸು ಬಂದಳು. ಚೀಲವನ್ನು ಕೆಳಗಿಟ್ಟು ನನ್ನೆದುರು ಬಂದು ನಿಂತಳು.

“ನಾನು ಆ ಹುಡುಗಿಯ ಕೈ ಹಿಡಿದು, ‘ನಮ್ಮವರಿಗೆ ಅವರ ಜಾಗ ವಾಪಸು ಕೊಡಮ್ಮ’ ಅಂತ ಅತ್ತೆ. ಅವಳಿಗೂ ಅಳು ಬಂತು. ‘ವೈನಿ, ಸರ್ ಗಡಿಬಿಡಿ ಭಾಳ ಮಾಡ್ತಾರ್ರಿ, ಬಾಂಬ್ ಹಾಕಿ ನಮ್ಮವರನ್ನ ಕೊಂದ್ರು, ಅದಕ್ಕ ಹಿಂದ ನಿಲ್ಲಸಬೇಕಂತ ಮಾಡೇವಿ’ ಅಂದಳು. ನೀವು ಬಾಂಬ್ ಹಾಕಿದಿರಿ ಅಂತ ಕೇಳಿ ನನ್ನ ಜೀವ ಎಲ್ಲಿಗೆ ಹೋಯಿತು ಗೊತ್ತುಂಟಾ? ಅದು ಕಂಪ್ಯೂಟರಿನ ಆಟ ಅಂತ ಅವಳೇ ಬಿಡಿಸಿ ಹೇಳಬೇಕಾಯಿತು!”

ಅನಂತರ ನಡೆದದ್ದನ್ನು ಬರೆಯುವುದಿಲ್ಲ. ಅದರಲ್ಲಿ ನನ್ನ ಸಂಭಾಷಣೆ ಇಲ್ಲ.

ಶನಿವಾರ ಎಲ್ಲರೂ ಕಂಪ್ಯೂಟರ್ ಮುಂದೆ ಕೂತಾಗ ಸುಮಂಗಲಾ ತಲೆ ತಗ್ಗಿಸಿ, “ಸರ್ರ, ಇವತ್ತಿಂದ ನೀವ ಕ್ಯಾಪ್ಟನ್ ಆಗ್ರಿ. ವೈನಿಗೆ ಮಾತು ಕೊಟ್ಟೇನಿ” ಎಂದಳು. ಸಾವಂತ, ಇಕ್ಬಾಲ್ ಮುಖ ಮುಖ ನೋಡಿಕೊಂಡರು. ಹೆಂಡತಿಯ ಶಿಫಾರಸಿನ ಪಟ್ಟ ಏರುವುದಕ್ಕೆ ನನಗೂ ನಾಚಿಕೆಯಾಯಿತು. “ಬೇಡ, ನೀನೇ ಇರು. ಎಲ್ಲಿ ನಿಲ್ಲಬೇಕು ಹೇಳು, ನಿಲ್ಲುತ್ತೇನೆ” ಎಂದೆ.

ನಾನು ಜೀವಮಾನದಲ್ಲಿ ಆಡಿದ ಅತ್ಯಂತ ಉದಾತ್ತ ಮಾತು ಅದು. ಒಂದು ಸಲವಾದರೂ ಒತ್ತಾಯ ಮಾಡಬಹುದಿತ್ತು. “ಛಲೋ ಆತ್ರಿ!” ಎಂದು ಅವಳು ತಕ್ಷಣ ಒಪ್ಪಿಬಿಟ್ಟಳು. ಇಕ್ಬಾಲ್ ಅಂತೂ ಖುಷಿಯಲ್ಲಿ ಎಲ್ಲರಿಗೂ ಚಹಾ ಹೇಳಿದ.

ನನ್ನನ್ನು ಹಿಂಬದಿಯ ಕೋಣೆಯಲ್ಲಿ ಒಂದು ಬಾಗಿಲು ಕಾಯಲು ನಿಲ್ಲಿಸಿದಳು. ಮಾತಾಡಬಾರದು, ಯಾವ ಕೀಯನ್ನೂ ಮುಟ್ಟಬಾರದು. ಇಪ್ಪತ್ತು ನಿಮಿಷ ಬಾಗಿಲ ಕಡೆ ಬಂದೂಕು ಹಿಡಿದು ನಿಂತೆ, ಕಣ್ಣು ಮಿಟುಕಿಸಲಿಲ್ಲ. ದೂರದಲ್ಲಿ ಗುಂಡಿನ ಸದ್ದು, ಅವಳ ಮೆಲುದನಿಯ ಸೂಚನೆ, ಹೆಜ್ಜೆಗಳು. ಗೆದ್ದೆವು! ಮೊದಲ ಬಾರಿಗೆ ನಾಲ್ವರೂ ಜೀವಂತ ಹೊರಗೆ ಬಂದೆವು.

ಮನೆಗೆ ಬಂದು ಎದೆಯುಬ್ಬಿಸಿ ಎಲ್ಲವನ್ನೂ ವಾಸಂತಿಗೆ ಹೇಳಿದೆ. “ನನ್ನನ್ನು ದಾಟಿ ಒಂದು ನರಪಿಳ್ಳೆಯೂ ಬರಲಿಲ್ಲ!” ಅವಳ ಮುಖ ಆ ವಾರದಲ್ಲಿ ಮೊದಲ ಸಲ ಸ್ವಲ್ಪ ಸಡಿಲವಾಯಿತು. ತಮ್ಮನಿಗೂ ಫೋನ್ ಮಾಡಿ ಹೇಳಿದಳು.

ಸೋಮವಾರ ಕ್ಯಾಂಟೀನಿನಲ್ಲಿ ಸಾವಂತ ಚಹಾ ಹೀರುತ್ತ, ಸಹಜವಾಗಿ, ಆ ಕೋಣೆಗೆ ಒಂದೇ ಬಾಗಿಲು, ಅದು ನನ್ನ ಬೆನ್ನ ಹಿಂದಿತ್ತು ಎಂದ. ನಾನು ಕಾದದ್ದು ಗೋಡೆಯ ಬೀರುವಿನ ಬಾಗಿಲನ್ನು. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.