ಶೀನಣ್ಣನಿಗೆ ಹವಲ್ಲಿಯಲ್ಲಿ ಎಲೆ ಹಾಕಿದ್ದು

ಒಂದು ಬಾಳೆಲೆ, ಕೋಳಿ ಸಾರು ಹಾಕಿದ ಸ್ವಲ್ಪ ಕೋರಿ ರೊಟ್ಟಿ, ಎರಡು ಬಂಗುಡೆ ಮೀನು. ಬಡಿಸಿ ಬಾಗಿಲು ಹಾಕಿ ಬರುವುದು. ಇದರಲ್ಲಿ ಎಡವಟ್ಟಾಗಲಿಕ್ಕೆ ಎಂತ ಉಂಟು ಹೇಳಿ? ನಾನೂ ಹಾಗೆಯೇ ಅಂದುಕೊಂಡಿದ್ದೆ!

ಶುರುವಾದದ್ದು ಅಪ್ಪನಿಂದ. ಅಪ್ಪ ಹರೆಯದಲ್ಲೇ ಕುವೈತಿಗೆ ಬಂದು, ಹವಲ್ಲಿಯ ಒಂದು ರೂಮಿನಲ್ಲಿ ಊರಿನ ಎಂಟು-ಹತ್ತು ಮಂದಿಯ ಜೊತೆ ಅರ್ಧ ಆಯುಷ್ಯ ಕಳೆದವರು. ಈಗ ಊರಿಗೆ ಮರಳಿ ಕಾಪುವಿನಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾರೆ. ಆ ರೂಮಿನ ಅನ್ನದಾತ ಶೀನಣ್ಣ. ಹೋಟೆಲಿನಲ್ಲಿ ದಿನವಿಡೀ ಬೇಯಿಸಿ, ರೂಮಿಗೆ ಬಂದು ಮತ್ತೆ ಬೇಯಿಸುತ್ತಿದ್ದರು. ಊರಿನಿಂದ ಯಾರು ಬಂದಿಳಿದರೂ ಮೊದಲ ಊಟ ಅವರ ಕೈಯದ್ದೇ. ಕಡೆಗೆ ಅದೇ ಒಲೆಯ ಹತ್ತಿರ ಎದೆನೋವು ಬಂದು ತೀರಿಕೊಂಡರು.

"ಆ ಬಿಲ್ಡಿಂಗ್ ಕೆಡವುತ್ತಾರಂತೆ ಮಗಾ" ಅಂತ ಕುವೈತಿನಲ್ಲಿರುವ ನನಗೆ ಅಪ್ಪನ ಫೋನು. "ಅದಕ್ಕೆ ಮೊದಲು ಶೀನನಿಗೆ ಅಲ್ಲೊಂದು ಅಗೆಲು ಬಡಿಸು."

ಅಗೆಲು ಅಂದರೆ ನಮ್ಮ ಕಡೆ ತೀರಿಕೊಂಡವರಿಗೆ ಇಷ್ಟವಾದದ್ದನ್ನು ಮಾಡಿ, ಎಲೆಗೆ ಬಡಿಸಿ, ಬಾಗಿಲು ಹಾಕಿ, ಹೊರಗೆ ನಿಲ್ಲುವುದು. ಅವರು ಬಂದು ಉಂಡ ಮೇಲೆ ನಾವು ಉಣ್ಣುವುದು. ಅಲ್ಲಿವರೆಗೆ ಒಂದು ಹನಿ ಸಾರು ಕೂಡ ನಾಲಗೆಗೆ ತಾಗಿಸಬಾರದು.

"ಊರಲ್ಲಿ ಅವರ ತಂಗಿ ವರ್ಷಾವರ್ಷ ಬಡಿಸ್ತಾರಲ್ಲ ಅಪ್ಪ?"

"ಅವನು ಊರಲ್ಲಿ ಇದ್ದದ್ದೆಷ್ಟು? ಎರಡು ವರ್ಷಕ್ಕೊಂದು ತಿಂಗಳು! ಹಸಿವಾದರೆ ಅವನು ಹವಲ್ಲಿಗೇ ಬರುವುದು. ರೂಮೇ ಇಲ್ಲದಿದ್ದರೆ ಪಾಪ, ಎಲ್ಲಿಗೆ ಬರ್ತಾನೆ?"

ಸತ್ತವರ ವಿಳಾಸದ ಬಗ್ಗೆ ಅಪ್ಪನ ಹತ್ತಿರ ವಾದ ಮಾಡಲಿಕ್ಕಾಗುತ್ತದಾ? "ನನಗೆ ಬಿಡಿ" ಅಂದೆ.

ನನಗೆ ಸಿಟ್ಟು ಜಾಸ್ತಿ ಅಂತ ನನ್ನ ಗಂಡ ಹೇಳುತ್ತಾರೆ. ಹಾಗೆ ಹೇಳಿದ್ದಕ್ಕೂ ನನಗೆ ಸಿಟ್ಟು ಬರುತ್ತದೆ. ಶುಕ್ರವಾರ ಬೆಳಿಗ್ಗೆ ಮಂಗಫ್‌ನ ನಮ್ಮ ಫ್ಲ್ಯಾಟಿನಲ್ಲಿ ನಾನು ಬೆವರು ಸುರಿಸಿ ಮಸಾಲೆ ಹುರಿಯುತ್ತಿದ್ದರೆ ಈ ಮನುಷ್ಯ ಬಂದು, "ಎಲೆಗೆ ಸ್ವಲ್ಪ 'ಅದು' ಕೂಡ ಇಡಬೇಕಲ್ಲಾ?" ಅಂದರು.

"ಕುವೈತಿನಲ್ಲಿ 'ಅದು' ಎಲ್ಲಿಂದ ತರ್ಲಿ? ಜೈಲಿಗೆ ನೀವು ಹೋಗ್ತೀರಾ?"

ಬ್ರಾಂಡಿಯ ಬಣ್ಣವಾದರೂ ಸರಿ ಇರಲಿ ಅಂತ ಫ್ಲಾಸ್ಕಿಗೆ ಕಪ್ಪು ಚಾ ತುಂಬಿಸಿದೆ.

ಹವಲ್ಲಿಯಲ್ಲಿ ಪಾರ್ಕಿಂಗಿಗೆ ಅಲೆದು ಅಲೆದು ನನ್ನ ತಲೆ ಕಾದ ಹಂಚಾಗಿತ್ತು. ಗಲ್ಲಿಯಲ್ಲಿ ಒಂದು ಖಾಲಿ ಬಿಲ್ಡಿಂಗ್ ನಿಂತಿತ್ತು. ಅದರ ಪಕ್ಕದಲ್ಲಿ ಇನ್ನೊಂದನ್ನು ಆಗಲೇ ಕೆಡವಿ ಕಲ್ಲುಮಣ್ಣಿನ ರಾಶಿ ಮಾಡಿದ್ದರು.

"ನಮ್ಮದು ಆ ರಾಶಿ ಆಗಿರಬಹುದಾ?" ಅಂತ ಗಂಡ ಮೆಲ್ಲಗೆ ಕೇಳಿದರು.

"ಮದುವೆಯಾಗಿ ಬಂದ ಹೊಸತರಲ್ಲಿ ಆ ರೂಮಿನಲ್ಲಿ ಶೀನಣ್ಣನ ಕೈಯಿಂದ ಉಂಡವಳು ನಾನು! ನನಗೆ ಗೊತ್ತಿಲ್ಲವಾ?"

ಕಾವಲಿನ ಈಜಿಪ್ಟಿನ ಮುದುಕ ಅಡ್ಡ ಬಂದು "ಬಿಲ್ಡಿಂಗ್ ಖಲಾಸ್!" ಅಂದ. ಟಿಫಿನ್ ಕ್ಯಾರಿಯರ್ ಎತ್ತಿ ತೋರಿಸಿ, ಕೈಸನ್ನೆಯಲ್ಲಿ ಬೇಡಿಕೊಂಡೆ. ಅವನಿಗೆ ಎಂತ ಅರ್ಥವಾಯಿತೋ, ಬೇಗ ಬನ್ನಿ ಅನ್ನುವ ಹಾಗೆ "ಯಲ್ಲಾ, ಯಲ್ಲಾ" ಅಂದು ಒಳಗೆ ಬಿಟ್ಟ.

ಮೂರನೇ ಮಾಳಿಗೆಯ ರೂಮಿನಲ್ಲಿ ಗೋಡೆ ತುಂಬ ಮೊಳೆಗಳಿದ್ದವು. ಒಂದೊಂದು ಮೊಳೆ ಒಬ್ಬೊಬ್ಬನ ಕಪಾಟು! ಮೂಲೆಯಲ್ಲೊಂದು ಒಂಟಿ ಚಪ್ಪಲಿ, ಒಲೆಯಿದ್ದ ಕಡೆ ಗೋಡೆಯಲ್ಲಿ ದೊಡ್ಡ ಎಣ್ಣೆ ಕಲೆ. ತಂಗಿಯಂದಿರ ಮದುವೆ, ಊರಿನ ಮನೆಗಳ ತಾರಸಿ, ನನ್ನ ಕಾಲೇಜು, ಎಲ್ಲ ಇಂಥ ಕೋಣೆಯಲ್ಲಿ ಮಗ್ಗುಲು ಬದಲಿಸಲಿಕ್ಕೂ ಜಾಗವಿಲ್ಲದೆ ಮಲಗಿದವರಿಂದ ಆದದ್ದು. ಅವರು ಇಲ್ಲಿ ಇದ್ದರು ಅಂತ ಹೇಳಲಿಕ್ಕೆ ಉಳಿದದ್ದು ಮೊಳೆ! ಯಾರ ಮೇಲೆ ಸಿಟ್ಟು ಮಾಡುವುದು ಅಂತ ಗೊತ್ತಾಗಲಿಲ್ಲ, ಗಂಡನ ಮೇಲೆ ಮಾಡಿದೆ.

ಎಣ್ಣೆ ಕಲೆಯ ಮುಂದೆ ನಿಂತು, "ಶೀನಣ್ಣಾ, ಇದು ನಿಮ್ಮ ಕೈ ಗುರುತು" ಅಂತ ಅತ್ತೂ ಅತ್ತೆ. ನೆಲ ಒರೆಸಿ, ಎಲೆ ಹಾಕಿ, ಬಡಿಸಿದೆ. ವಿಡಿಯೊ ಕಾಲ್ ಮಾಡಿ ಅಪ್ಪನಿಗೆ ತೋರಿಸಿದರೆ ಹಾಳು ನೆಟ್‌ವರ್ಕ್, ಅವರ ಸ್ವರವೇ ಇಲ್ಲ. ಕಾಲ್ ಕಟ್ ಮಾಡಿ, ಫೋನಿನಲ್ಲಿದ್ದ ಶೀನಣ್ಣನ ಫೋಟೊ ತೆರೆದು, ಎಲೆಯ ಎದುರು ಗೋಡೆಗೆ ಒರಗಿಸಿ ಇಟ್ಟೆ. ಕಟ್ ಮಾಡಿದ್ದೇನೆ ಅಂತಲೇ ನಾನು ತಿಳಿದದ್ದು!

ಬಾಗಿಲು ಎಳೆದೆ. ಬಾಗಿಲು ಬಿಗಿಯಾಗಿ ಮುಚ್ಚಿತು, ಹಿಡಿಕೆ ನನ್ನ ಕೈಗೇ ಬಂತು.

"ಇರಲಿ, ಅವರು ಉಣ್ಣಲಿ, ಆಮೇಲೆ ನೋಡುವ" ಅಂದರು ಗಂಡ. ಕಾವಲಿನವನೂ ಮೇಲೆ ಬಂದು ನಮ್ಮ ಜೊತೆ ನಿಂತ. ಮೂವರೂ ಸುಮ್ಮನೆ ತಲೆ ತಗ್ಗಿಸಿದೆವು.

ಆಗ ಒಳಗಿನಿಂದ, ಖಾಲಿ ಕೋಣೆಯಲ್ಲಿ ಗುಂಯ್ಗುಡುತ್ತಾ, ಮುದುಕನ ಸ್ವರ! ಅದೂ ಅಪ್ಪಟ ತುಳುವಿನಲ್ಲಿ!

"ಉಂದು ಎಂಕ್ಲೆನ ರೂಮ್ ಅತ್ತ್!"

ಇದು ನಮ್ಮ ರೂಮ್ ಅಲ್ಲ! ಬಾಗಿಲಿನ ಮುಂದೆ ಅಡ್ಡಬಿದ್ದೆ. "ಶೀನಣ್ಣಾ, ತಪ್ಪಾಯ್ತು! ಮಕ್ಕಳ ತಪ್ಪು ಹೊಟ್ಟೆಗೆ ಹಾಕಿಕೊಳ್ಳಿ!" ಕಾವಲಿನವನು ದೇವರ ಹೆಸರು ಹೇಳುತ್ತಾ ಒಂದೊಂದು ಹಾರಿಗೆ ಎರಡೆರಡು ಮೆಟ್ಟಿಲು ಇಳಿದ.

"ಶೀನನೂ ಇಲ್ಲ, ಮಣ್ಣೂ ಇಲ್ಲ!" ಅಂತ ಒಳಗಿನ ಸ್ವರ ಅಬ್ಬರಿಸಿತು. "ನಾನು ನಿನ್ನ ಅಪ್ಪ! ನಮ್ಮ ಕಿಟಕಿಯ ಎದುರು ಮಸೀದಿ ಎಲ್ಲಿತ್ತು? ಫೋನು ತಿರುಗಿಸುವಾಗ ಕಂಡಿತು. ನೀನು ಪಕ್ಕದ ಬಿಲ್ಡಿಂಗಿಗೆ ಹೊಕ್ಕಿದ್ದೀ!"

ಗಂಡ ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು! ಅವರು ಭುಜ ಕೊಟ್ಟು ದೂಡಿದರು. ಬಾಗಿಲು ತೆರೆಯಲಿಲ್ಲ, ಚೌಕಟ್ಟು ಸಮೇತ ಒಳಗೆ ಬಿತ್ತು. ಎಲೆಯ ಮೇಲೆ ಅರ್ಧ ಗೋಡೆಯ ಧೂಳು.

ಫೋನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಅಪ್ಪನಿಗೆ ಕೆಳಗಿನ ರಾಶಿ ತೋರಿಸಿದೆ.

"ಹಾಗಾದರೆ ಅವನ ರೂಮು ಹೋಯಿತು" ಅಂದರು ಅಪ್ಪ. ನಾನು ಕ್ಯಾರಿಯರ್ ಎತ್ತಿ ತೋರಿಸಿದೆ. "ಅಪ್ಪ, ಕ್ಯಾರಿಯರಿನಲ್ಲಿ ಇನ್ನೂ ಉಂಟು. ಇನ್ನೊಂದು ಎಲೆಯೂ ಉಂಟು."

"ಆ ಕಿಟಕಿಯಲ್ಲೇ ಇಡು ಮಗಾ. ಶೀನ ಯಾರ ಹತ್ತಿರವೂ ನೀನು ಯಾವ ರೂಮಿನವನು ಅಂತ ಕೇಳಿ ಬಡಿಸಿದವನಲ್ಲ. ಪರಿಮಳ ಹಿಡಿದು ಬರ್ತಾನೆ."

ರಾಶಿಯ ಕಡೆಗೆ ಮುಖ ಮಾಡಿ ಎಲೆ ಇಟ್ಟೆವು. ಹೊರಗೆ ಹೋಗಿ ನಿಂತೆವು. ಈ ಸಲ ಫೋನು ನನ್ನ ಕೈಯಲ್ಲೇ ಇತ್ತು, ಅಪ್ಪನೂ ಸುಮ್ಮನಿದ್ದರು.

ಆಮೇಲೆ ಉಣ್ಣಬೇಕಲ್ಲ? ಕೆಳಗೆ ಮೆಟ್ಟಿಲಲ್ಲಿ ಹೆದರಿ ಕೂತಿದ್ದ ಕಾವಲಿನವನಿಗೆ ಫೋನು ತೋರಿಸಿ ಸಮಾಧಾನ ಮಾಡಿ, ಮೊದಲ ತಟ್ಟೆ ಅವನಿಗೇ ಕೊಟ್ಟೆ. ಒಂದು ತುತ್ತು ಬಾಯಿಗೆ ಹಾಕಿದ. ನಿಲ್ಲಿಸಿದ. ನನ್ನ ಮುಖ ನೋಡಿ, ಬೆರಳು ಉದುರಿಸುವ ಹಾಗೆ ಮಾಡಿ ಕೇಳಿದ.

"ಮಿಲ್ಹ್?"

ಉಪ್ಪು! ಗಂಡ ಬೆರಳು ಅದ್ದಿ ನೆಕ್ಕಿದರು. ನಾನೂ ನೆಕ್ಕಿದೆ. ಕೋಳಿಗೂ ಇಲ್ಲ, ಬಂಗುಡೆಗೂ ಇಲ್ಲ! ರುಚಿ ನೋಡಬಾರದಲ್ಲ, ಹಾಗಾಗಿ ಗೊತ್ತೇ ಆಗಿರಲಿಲ್ಲ.

"ಎಂತದು, ಶೀನ ಉಂಡನಾ?" ಅಂತ ಅಪ್ಪ ಕೇಳಿದರು.

ಊರಿಗೆಲ್ಲ ಹದವಾಗಿ ಬೇಯಿಸಿ ಹಾಕಿದ ಮನುಷ್ಯನಿಗೆ ಕಡೆಯ ಎಲೆಯಲ್ಲಿ ನಾನು ಬಡಿಸಿದ್ದು ಇದು. ಆ ಕ್ಷಣದಲ್ಲಿ ನನಗಿದ್ದ ಆಸೆ ಒಂದೇ. ಶೀನಣ್ಣ ಇನ್ನೂ ಪಕ್ಕದ ರಾಶಿಯಲ್ಲೇ ರೂಮು ಹುಡುಕುತ್ತಾ ಇರಲಿ, ದೇವರೇ!